ಮಾಗಿಯ ಮಂಜನ್ನು ಸಾಫ್ಟ್ ಪೇಸ್ಟಲ್‌ನಲ್ಲಿ ಬರೆಯುವ ಬಗೆ

ಸಾಫ್ಟ್ ಪೇಸ್ಟಲ್‌ನಲ್ಲಿ, ಅಂದರೆ ಪುಡಿ ಉದುರುವ ಬಣ್ಣದ ಕಡ್ಡಿಗಳಲ್ಲಿ, ಚಳಿಗಾಲದ ನಿಸರ್ಗಚಿತ್ರ ಬರೆಯಲು ಕಲಿಸುವ ಪುಸ್ತಕಗಳೂ ವೀಡಿಯೊಗಳೂ ಹೆಚ್ಚಾಗಿ ಹಿಮ ಬೀಳುವ ದೇಶಗಳಿಂದ ಬಂದವು. ಅಲ್ಲಿನ ಚಿತ್ರಗಳಲ್ಲಿ ನೆಲ ಬೆಳ್ಳಗಿರುತ್ತದೆ, ಮರಗಳು ಬೋಳಾಗಿರುತ್ತವೆ, ಆಕಾಶ ನೆಲಕ್ಕಿಂತ ದಟ್ಟವಾಗಿರುತ್ತದೆ. ಚಿಕ್ಕಮಗಳೂರಿನ ಮಾಗಿಯ ಲೆಕ್ಕ ಇದಕ್ಕೆ ತದ್ವಿರುದ್ಧ. ಬೆಟ್ಟದ ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗಿರುತ್ತದೆ, ಕಾಫಿ ತೋಟಗಳು ಹಸಿರಾಗಿಯೇ ಇರುತ್ತವೆ, ಬೆಳ್ಳಗೆ ಕಾಣುವುದೇನಿದ್ದರೂ ಅದು ಕಣಿವೆಯಲ್ಲಿ ನಿಂತ ಮಂಜು ಮಾತ್ರ. ಆ ಮಂಜೂ ನಿಜಕ್ಕೆ ಬಿಳಿಯಲ್ಲ. ಈ ಲೇಖನದ ಮುಖ್ಯ ಮಾತು ಅದೇ: ನಮ್ಮ ಚಳಿಗಾಲವನ್ನು ಬರೆಯುವವರು ಬಿಳಿಯ ಕಡ್ಡಿಯನ್ನು ಪೆಟ್ಟಿಗೆಯಲ್ಲೇ ಬಿಟ್ಟು ಚಿತ್ರವನ್ನು ಆರಂಭಿಸಬೇಕು, ಸಾಧ್ಯವಾದರೆ ಅದನ್ನು ಮುಟ್ಟದೆಯೇ ಮುಗಿಸಬೇಕು.

ಮಂಜು ಕಟ್ಟುವ ರೀತಿ

ಬರೆಯುವ ಮುನ್ನ ಮಂಜಿನ ಸ್ವಭಾವವನ್ನು ತಿಳಿದುಕೊಂಡರೆ ಅರ್ಧ ಕೆಲಸ ಮುಗಿದಂತೆ. ಡಿಸೆಂಬರ್ ಮತ್ತು ಜನವರಿಯಲ್ಲಿ ಮೋಡವಿಲ್ಲದ, ಗಾಳಿಯಾಡದ ರಾತ್ರಿಗಳಲ್ಲಿ ನೆಲವು ಹಗಲಿನ ಕಾವನ್ನು ಬೇಗನೆ ಕಳೆದುಕೊಳ್ಳುತ್ತದೆ. ನೆಲಕ್ಕೆ ತಾಗಿದ ಗಾಳಿ ತಣಿದು, ಭಾರವಾಗಿ, ಇಳಿಜಾರಿನಲ್ಲಿ ಜಾರಿ ಬಂದು ಗದ್ದೆ ಬಯಲು, ಕೆರೆಯ ಅಂಗಳ, ಹಳ್ಳದ ದಂಡೆಗಳಲ್ಲಿ ತುಂಬಿಕೊಳ್ಳುತ್ತದೆ. ಅದರಲ್ಲಿನ ತೇವ ಸಣ್ಣ ಹನಿಗಳಾಗಿ ತೇಲತೊಡಗುತ್ತದೆ. ಆದ್ದರಿಂದ ಇಂಥ ಮಂಜು ತಗ್ಗಿನಲ್ಲಿ ದಟ್ಟವಾಗಿದ್ದು, ಮೇಲೇರಿದಂತೆ ತೆಳುವಾಗಿ, ಬೆಟ್ಟದ ನೆತ್ತಿ ಸ್ವಚ್ಛವಾಗಿ ಕಾಣುತ್ತದೆ. ಮರದ ಬುಡ ಅಳಿಸಿಹೋಗಿ ತುದಿ ಉಳಿಯುತ್ತದೆ. ಹೊಸಬರ ಚಿತ್ರಗಳಲ್ಲಿ ಇದು ಅನೇಕ ವೇಳೆ ತಿರುವುಮುರುವಾಗಿರುತ್ತದೆ: ಬುಡ ಸ್ಪಷ್ಟ, ತುದಿ ಮಸುಕು. ಅದು ಮಳೆಗಾಲದಲ್ಲಿ ಮೋಡ ಕೆಳಗಿಳಿದಾಗ ಕಾಣುವ ನೋಟವೇ ಹೊರತು ಮಾಗಿಯದಲ್ಲ.

ಇನ್ನೊಂದು ವ್ಯತ್ಯಾಸವನ್ನೂ ಗಮನಿಸಬೇಕು. ಮಂಜಿನ ಹನಿಗಳು ಬೆಳಕಿನ ತರಂಗಗಳಿಗಿಂತ ಬಹಳ ದೊಡ್ಡವಾದ್ದರಿಂದ ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಸಮನಾಗಿ ಚದುರಿಸುತ್ತವೆ. ಹಾಗಾಗಿ ಮಂಜಿಗೆ ಸ್ವಂತ ಬಣ್ಣವಿಲ್ಲ. ಯಾವ ಬೆಳಕು ಬೀಳುತ್ತದೆಯೋ ಆ ಬಣ್ಣವನ್ನು ಅದು ಪಡೆಯುತ್ತದೆ. ದೂರದ ಬೆಟ್ಟ ನೀಲಿಯಾಗಿ ಕಾಣುವುದಕ್ಕೆ ಕಾರಣ ಬೇರೆ. ಗಾಳಿಯ ಅಣುಗಳು ನೀಲಿ ಬೆಳಕನ್ನೇ ಹೆಚ್ಚು ಚದುರಿಸುವುದರಿಂದ, ನಮಗೂ ಬೆಟ್ಟಕ್ಕೂ ನಡುವೆ ಗಾಳಿಯ ಪದರ ಹೆಚ್ಚಿದಷ್ಟೂ ನೀಲಿ ಹೆಚ್ಚುತ್ತದೆ. ಒಂದೇ ಚಿತ್ರದಲ್ಲಿ ಈ ಎರಡೂ ಇರುತ್ತವೆ. ದೂರವು ಬೆಟ್ಟವನ್ನು ನೀಲಿಯಾಗಿಸುತ್ತದೆ, ಮಂಜು ಅದನ್ನು ಮಸುಕಾಗಿಸುತ್ತದೆ. ಎರಡನ್ನೂ ಒಂದೇ ತಿಳಿನೀಲಿ ಕಡ್ಡಿಯಿಂದ ಬರೆದರೆ ಮಂಜು ಎಲ್ಲಿ ಮುಗಿಯಿತು, ಬೆಟ್ಟ ಎಲ್ಲಿ ಆರಂಭವಾಯಿತು ಎಂಬುದು ನೋಡುವವರಿಗೆ ತಿಳಿಯುವುದಿಲ್ಲ.

ಸಾಮಗ್ರಿ

ಮೊದಲಿಗೆ ಅಂಗಡಿಯಲ್ಲಿ ಆಗುವ ಗೊಂದಲವನ್ನು ತಪ್ಪಿಸಿಕೊಳ್ಳಿ. ಮಕ್ಕಳ ಆಯಿಲ್ ಪೇಸ್ಟಲ್ ಬೇರೆ, ಸಾಫ್ಟ್ ಪೇಸ್ಟಲ್ ಬೇರೆ. ಸಾಫ್ಟ್ ಪೇಸ್ಟಲ್ ಎಂದರೆ ಬಣ್ಣದ ಪುಡಿಗೆ ಸೀಮೆಸುಣ್ಣದಂಥ ಪುಡಿಯನ್ನೂ ತುಸುವೇ ಅಂಟನ್ನೂ ಸೇರಿಸಿ ಕಡ್ಡಿಯಾಗಿ ಒಣಗಿಸಿದ್ದು. ಅದರಲ್ಲಿ ಎಣ್ಣೆಯಿಲ್ಲ, ಮೇಣವಿಲ್ಲ. ಎಣ್ಣೆ ಇಲ್ಲದ್ದರಿಂದ ಕಾಲ ಕಳೆದಂತೆ ಹಳದಿಗಟ್ಟುವ ಭಯವೂ ಇಲ್ಲ. ಹದಿನೆಂಟನೆಯ ಶತಮಾನದಲ್ಲಿ ವೆನಿಸ್‌ನ ರೊಸಾಲ್ಬಾ ಕ್ಯಾರಿಯೆರಾ ಬರೆದ ಪೇಸ್ಟಲ್ ಭಾವಚಿತ್ರಗಳು ಇಂದಿಗೂ ತಾಜಾ ಆಗಿರುವುದಕ್ಕೆ ಇದೂ ಒಂದು ಕಾರಣ. ಆದರೆ ಅಂಟು ಕಡಿಮೆ ಇರುವುದರಿಂದಲೇ ಪುಡಿ ಉದುರುತ್ತದೆ, ತೇವಕ್ಕೆ ಸೋಲುತ್ತದೆ. ಮಲೆನಾಡಿನಲ್ಲಿ ಕೆಲಸ ಮಾಡುವವರು ಇದನ್ನು ಸದಾ ನೆನಪಿನಲ್ಲಿಡಬೇಕು.

ಕಡಿಮೆ ಬೆಲೆಯಲ್ಲಿ ಕೊರಿಯಾದ ಮುಂಗ್ಯೋ ಪೆಟ್ಟಿಗೆಗಳು ಸಿಗುತ್ತವೆ, ಅಭ್ಯಾಸಕ್ಕೆ ಅವು ಸಾಕು. ನೆದರ್ಲೆಂಡ್ಸ್‌ನ ರೆಂಬ್ರಾಂಟ್ ಮಧ್ಯಮ ಗಡಸಿನದು, ಫ್ರಾನ್ಸಿನ ಸೆನ್ನೆಲಿಯರ್ ಬೆಣ್ಣೆಯಷ್ಟು ಮೆದು. ಎಲ್ಲವನ್ನೂ ದುಬಾರಿಯದನ್ನೇ ಕೊಳ್ಳಬೇಕಾಗಿಲ್ಲ. ಗಟ್ಟಿ ಕಡ್ಡಿ ಕೆಳಗಿನ ಪದರಕ್ಕೆ, ಮೆದು ಕಡ್ಡಿ ಮೇಲಿನ ಪದರಕ್ಕೆ ಎಂಬುದು ಈ ಮಾಧ್ಯಮದ ನಿಯಮವಾದ್ದರಿಂದ, ಅಗ್ಗದ ಪೆಟ್ಟಿಗೆಯೊಂದರ ಜೊತೆಗೆ ಕೊನೆಯ ಬೆಳಕಿಗೆಂದು ಆರೆಂಟು ಒಳ್ಳೆಯ ತಿಳಿಬಣ್ಣದ ಕಡ್ಡಿಗಳನ್ನು ಬಿಡಿಯಾಗಿ ತಂದುಕೊಂಡರೆ ಚಿತ್ರ ಚೆನ್ನಾಗಿ ಬರುತ್ತದೆ.

ಬಣ್ಣದ ಆಯ್ಕೆಯಲ್ಲಿ ಮಾತ್ರ ಜಿಪುಣತನ ಸಲ್ಲದು. ಜಲವರ್ಣದಂತೆ ತಟ್ಟೆಯಲ್ಲಿ ಬಣ್ಣ ಬೆರೆಸಿಕೊಳ್ಳುವ ಅನುಕೂಲ ಇಲ್ಲಿಲ್ಲ. ಬೇಕಾದ ತಿಳಿ, ಬೇಕಾದ ದಟ್ಟ ಕಡ್ಡಿಯ ರೂಪದಲ್ಲೇ ಕೈಯಲ್ಲಿರಬೇಕು. ಮಾಗಿಯ ಚಿತ್ರಕ್ಕೆ ಬೇಕಾಗುವುದು ಕಣ್ಣು ಕುಕ್ಕುವ ಬಣ್ಣಗಳಲ್ಲ. ತಿಳಿಯಿಂದ ದಟ್ಟದವರೆಗೆ ನಾಲ್ಕು ಬಗೆಯ ನೀಲಿಬೂದು, ಮೂರು ಬಗೆಯ ನೇರಳೆಬೂದು, ಕೆನೆ, ತಿಳಿ ಪೀಚ್, ತಿಳಿ ಗುಲಾಬಿ, ಒಣಹುಲ್ಲಿಗೆ ಕಾವಿ ಬೆರೆತ ಹಳದಿಯ ಮೂರು ಛಾಯೆ, ಇಟ್ಟಿಗೆಯ ಕೆಂಪು, ದಟ್ಟ ಕಂದು, ಆಲಿವ್ ಹಸಿರಿನ ಮೂರು ಛಾಯೆ, ಕಪ್ಪಿಗೆ ಸಮೀಪದ ಒಂದು ನೀಲಿ ಮತ್ತು ಒಂದು ನೇರಳೆ. ಇವಿಷ್ಟಿದ್ದರೆ ಚಿಕ್ಕಮಗಳೂರು, ಹಾಸನ ಎರಡೂ ಜಿಲ್ಲೆಯ ಚಳಿಗಾಲವನ್ನು ಬರೆಯಬಹುದು. ಪೆಟ್ಟಿಗೆಯ ಜೊತೆ ಬರುವ ಎಲೆಹಸಿರು ಮತ್ತು ಅಚ್ಚ ಕಪ್ಪನ್ನು ಪಕ್ಕಕ್ಕಿಡಿ. ನಮ್ಮ ಬೆಟ್ಟಗಳ ಯಾವ ಮೂಲೆಯಲ್ಲಿಯೂ ಆ ಹಸಿರು ಜನವರಿಯಲ್ಲಿ ಕಾಣಸಿಗುವುದಿಲ್ಲ.

ಕಾಗದಕ್ಕೆ ಹಲ್ಲಿರಬೇಕು, ಅಂದರೆ ಪುಡಿಯನ್ನು ಹಿಡಿದುಕೊಳ್ಳುವ ಒರಟುತನ ಇರಬೇಕು. ಫ್ರಾನ್ಸಿನ ಕ್ಯಾನ್ಸನ್ ಮಿ-ಟೈಂಟ್ಸ್ ಕಾಗದ ಹಲವು ಬಣ್ಣಗಳಲ್ಲಿ ಸಿಗುತ್ತದೆ. ಅದರ ಒಂದು ಬದಿಯಲ್ಲಿ ಜೇನುಗೂಡಿನಂಥ ಅಚ್ಚು ಇರುತ್ತದೆ, ಇನ್ನೊಂದು ಬದಿ ನುಣುಪಾಗಿರುತ್ತದೆ. ಮಂಜಿನ ಚಿತ್ರಕ್ಕೆ ನುಣುಪು ಬದಿಯೇ ಮೇಲು, ಏಕೆಂದರೆ ಜೇನುಗೂಡಿನ ಸಾಲು ಸಾಲು ಗುರುತು ಮಂಜಿನ ನಡುವೆ ಇಣುಕಿದರೆ ನೋಟ ಕೆಡುತ್ತದೆ. ಪದರದ ಮೇಲೆ ಪದರ ಹಾಕುವ ಆಸೆಯಿದ್ದವರು ಮರಳು ಹಚ್ಚಿದ ಪೇಸ್ಟಲ್ ಕಾಗದವನ್ನು ಕೊಳ್ಳಬಹುದು. ಅಭ್ಯಾಸಕ್ಕೆ ಹಾರ್ಡ್‌ವೇರ್ ಅಂಗಡಿಯ 400 ಅಥವಾ 600 ನಂಬರಿನ ಉಪ್ಪುಕಾಗದವೂ ಆಗುತ್ತದೆ. ಆದರೆ ಅದರ ಕಾಗದ ವರ್ಷಗಳ ಕಾಲ ಬಾಳುವಂಥದ್ದಲ್ಲ, ಮಾರುವ ಅಥವಾ ಕಾಣಿಕೆ ಕೊಡುವ ಚಿತ್ರವನ್ನು ಅದರ ಮೇಲೆ ಬರೆಯಬೇಡಿ.

ಕಾಗದದ ಬಣ್ಣವು ಮಧ್ಯಮ ಬೂದು ಅಥವಾ ಮಾಸಲು ಕಂದು ಇರಲಿ. ಬಿಳಿ ಕಾಗದದ ಮೇಲೆ ಯಾವ ತಿಳಿಬಣ್ಣ ಹಚ್ಚಿದರೂ ಕೊಳೆಯಾದಂತೆ ಕಾಣುತ್ತದೆ. ಬೂದು ಕಾಗದದ ಮೇಲೆ ಅದೇ ಬಣ್ಣ ಬೆಳಗುತ್ತದೆ.

ಜಾಗ ಮತ್ತು ಹೊತ್ತು

ಚಿಕ್ಕಮಗಳೂರು ಪಟ್ಟಣದಿಂದ ನೋಡಿದರೆ ಚಂದ್ರದ್ರೋಣ ಪರ್ವತದ ಸಾಲು ಉತ್ತರಕ್ಕಿದೆ. ಡಿಸೆಂಬರ್ ಕೊನೆಯಲ್ಲಿ ಸೂರ್ಯ ಬೆಳಿಗ್ಗೆ ಆರು ಮುಕ್ಕಾಲರ ಸುಮಾರಿಗೆ ಆಗ್ನೇಯಕ್ಕೆ ವಾಲಿದ ದಿಕ್ಕಿನಲ್ಲಿ ಹುಟ್ಟುತ್ತಾನೆ. ಹಾಗಾಗಿ ಬೆಟ್ಟಕ್ಕೆ ಮುಖ ಮಾಡಿ ನಿಂತವರಿಗೆ ಬೆಳಕು ಬಲಬದಿಯ ಹಿಂದಿನಿಂದ ಬಂದು, ಬೆಟ್ಟದ ಮಡಿಕೆಗಳ ನೆರಳು ಎಡಕ್ಕೆ ಬೀಳುತ್ತದೆ. ಬೆಟ್ಟದ ಆಕಾರವನ್ನು ಕಲಿಯಲು ಇದು ಒಳ್ಳೆಯ ನೋಟ. ಮುಳ್ಳಯ್ಯನಗಿರಿಯ ಮೇಲಿನಿಂದ ನೋಡಿದರೆ ಪರಿಸ್ಥಿತಿ ಬೇರೆ. ಸುಮಾರು 1,930 ಮೀಟರ್ ಎತ್ತರದ, ರಾಜ್ಯದ ಅತಿ ಎತ್ತರದ ಆ ಶಿಖರದಿಂದ ಪೂರ್ವದ ಬಯಲಿನ ಕಡೆ ತಿರುಗಿದರೆ ಸೂರ್ಯ ಎದುರಿಗಿರುತ್ತಾನೆ. ಸಾಲು ಸಾಲು ಗುಡ್ಡಗಳು ಒಳವಿವರವಿಲ್ಲದ ಚಪ್ಪಟೆ ಆಕಾರಗಳಾಗಿ ಒಂದರ ಹಿಂದೊಂದು ನಿಲ್ಲುತ್ತವೆ. ಮೊದಲ ಸಲ ಬರೆಯುವವರಿಗೆ ನನ್ನ ಸಲಹೆ ಈ ಎರಡನೆಯ ಬಗೆಯ ನೋಟ. ವಿವರ ಕಡಿಮೆ, ಪದರಗಳು ಸ್ಪಷ್ಟ.

ನೀರಿರುವ ಜಾಗ ಬೇಕಾದವರಿಗೆ ಪಟ್ಟಣದ ಸಮೀಪದ ಹಿರೇಕೊಳಲೆ ಕೆರೆಯಿದೆ, ಸಖರಾಯಪಟ್ಟಣದ ಬಳಿ ಶಕುನಗಿರಿಯ ಬುಡದ ಅಯ್ಯನಕೆರೆಯಿದೆ. ಹಾಸನದ ಕಡೆಯವರಿಗೆ ಹೇಮಾವತಿಯ ಹಿನ್ನೀರು, ಅದರ ಅಂಚಿನ ಶೆಟ್ಟಿಹಳ್ಳಿಯ ಪಾಳು ಚರ್ಚು, ಸಕಲೇಶಪುರದ ಸುತ್ತಲಿನ ಗುಡ್ಡಗಳು ಇವೆ. ಹಾಸನದ ಬಯಲು ಸೀಮೆಯ ಭಾಗದಲ್ಲಿ ಬೆಟ್ಟದ ಆಸರೆಯಿಲ್ಲದೆ ಮಂಜು ಹೊಲದ ಮೇಲೆ ತೆಳುವಾಗಿ ಹಾಸಿಕೊಳ್ಳುವುದರಿಂದ ಅಲ್ಲಿನ ಚಿತ್ರಗಳಲ್ಲಿ ಆಕಾಶಕ್ಕೆ ಹೆಚ್ಚು ಜಾಗ ಕೊಡಬೇಕಾಗುತ್ತದೆ.

ಬೆಳಗಿನ ಮಂಜಿನಲ್ಲಿ ಹೊರಗೆ ಕೂತು ಪೂರ್ಣ ಚಿತ್ರ ಬರೆಯುವ ಪ್ರಯತ್ನ ಮಾಡಬೇಡಿ. ಇಬ್ಬನಿಯಿಂದ ಕಾಗದ ಒದ್ದೆಯಾಗಿ ಹಲ್ಲು ಮಡಿಚಿಕೊಳ್ಳುತ್ತದೆ, ಕಡ್ಡಿ ಜಾರುತ್ತದೆ. ಅಂಗೈಯಗಲದ ಟಿಪ್ಪಣಿ ಮಾಡಿಕೊಂಡು ಬಂದು ಮನೆಯ ಜಗಲಿಯಲ್ಲೋ ಕಿಟಕಿಯ ಬಳಿಯೋ ಕೂತು ಬರೆಯುವುದೇ ಸರಿಯಾದ ಕ್ರಮ. ಟಿಪ್ಪಣಿಯಲ್ಲಿ ಇರಬೇಕಾದ್ದು ಗೆರೆಗಳಲ್ಲ, ಹೋಲಿಕೆಗಳು: ಮಂಜು ಆಕಾಶಕ್ಕಿಂತ ತಿಳಿಯೋ ದಟ್ಟವೋ, ದೂರದ ಬೆಟ್ಟ ಮಂಜಿಗಿಂತ ಎಷ್ಟು ದಟ್ಟ, ನೋಟದಲ್ಲೆಲ್ಲ ಅತಿ ದಟ್ಟವಾದದ್ದು ಯಾವುದು. ಫೋನಿನ ಚಿತ್ರವನ್ನು ಮಾತ್ರ ನಂಬಿ ಕೂರುವುದು ಅಪಾಯ, ಏಕೆಂದರೆ ಕ್ಯಾಮೆರಾ ಎಲ್ಲ ನೋಟವನ್ನೂ ಸರಾಸರಿ ಬೂದಿಗೆ ಹೊಂದಿಸಲು ನೋಡುತ್ತದೆ. ಮಂಜು ತುಂಬಿದ ನೋಟವನ್ನು ಇರುವುದಕ್ಕಿಂತ ಮಂಕಾಗಿಸಿ, ನೆರಳನ್ನು ಕಪ್ಪಾಗಿಸಿಬಿಡುತ್ತದೆ. ಎಕ್ಸ್‌ಪೋಷರ್ ಅನ್ನು ಒಂದು ಹಂತ ಹೆಚ್ಚಿಸಿ ಇನ್ನೊಂದು ಚಿತ್ರ ತೆಗೆದುಕೊಂಡಿದ್ದರೆ ಹೋಲಿಸಲು ಅನುಕೂಲ.

ಸೂರ್ಯ ಬೆಟ್ಟದ ಅಂಚನ್ನು ದಾಟುವ ಮೊದಲು ಮತ್ತು ದಾಟಿದ ನಂತರ ಮಂಜು ಎರಡು ಬೇರೆ ವಸ್ತುಗಳಂತೆ ಕಾಣುತ್ತದೆ. ದಾಟುವ ಮೊದಲು ಅದಕ್ಕೆ ಆಕಾಶದ ಬೆಳಕೊಂದೇ ಆಧಾರವಾದ್ದರಿಂದ ಅದು ನೀಲಿಗೆ ತಿರುಗಿದ ಬೂದಾಗಿ, ಆಕಾಶಕ್ಕಿಂತ ಒಂದು ಮೆಟ್ಟಿಲು ದಟ್ಟವಾಗಿರುತ್ತದೆ. ಬಿಸಿಲು ತಾಗಿದ ಮೇಲೆ ಅದರ ನೆತ್ತಿ ಕೆನೆಬಣ್ಣಕ್ಕೆ ಏರಿ, ಬುಡ ಮಾತ್ರ ನೀಲಿಯಾಗಿಯೇ ಉಳಿಯುತ್ತದೆ. ಯಾವ ಗಳಿಗೆಯನ್ನು ಬರೆಯುತ್ತೀರಿ ಎಂದು ಮೊದಲೇ ನಿರ್ಧರಿಸಿಕೊಳ್ಳಿ. ಎರಡನ್ನೂ ಒಂದೇ ಚಿತ್ರದಲ್ಲಿ ಕೂಡಿಸಲು ಬರುವುದಿಲ್ಲ.

ಬಣ್ಣಕ್ಕೆ ಮುನ್ನ ಟೋನ್

ಟೋನ್ ಎಂದರೆ ಬಣ್ಣ ಯಾವುದೇ ಇರಲಿ, ಅದು ಎಷ್ಟು ತಿಳಿ, ಎಷ್ಟು ದಟ್ಟ ಎಂಬ ಮಟ್ಟ. ಅಂಚೆಕಾರ್ಡಿನಷ್ಟು ಜಾಗದಲ್ಲಿ ಇದ್ದಿಲಿನಿಂದ ಅದರ ಒಂದು ಪುಟ್ಟ ನಕ್ಷೆ ಮಾಡಿಕೊಳ್ಳಿ. ಕಾಗದದ ಬಿಳಿಯನ್ನು ಒಂದು, ಇದ್ದಿಲಿನ ಕಪ್ಪನ್ನು ಹತ್ತು ಎಂದಿಟ್ಟುಕೊಂಡರೆ, ಬಿಸಿಲು ಬಂದ ಮೇಲಿನ ಮಂಜಿನ ನೋಟವೊಂದರಲ್ಲಿ ಆಕಾಶ ಎರಡು ಅಥವಾ ಮೂರು, ಅತಿ ದೂರದ ಬೆಟ್ಟ ಮೂರೂವರೆ, ಅದರ ಮುಂದಿನದು ನಾಲ್ಕೂವರೆ, ತೋಟದ ಮರಗಳ ಸಾಲು ಆರು, ಕಾಲಬುಡದ ಪೊದೆ ಎಂಟು, ಮಂಜಿನ ಹಾಸು ಎರಡೂವರೆಯಿಂದ ಮೂರು ಆಗಬಹುದು. ಇದರಲ್ಲಿ ಒಂದೂ ಇಲ್ಲ, ಹತ್ತೂ ಇಲ್ಲ ಎಂಬುದನ್ನು ಗಮನಿಸಿ. ತುದಿಗಳೆರಡನ್ನೂ ಬಳಸದೆ ಇಟ್ಟುಕೊಂಡಾಗಲೇ ನಡುವಿನ ಸಣ್ಣ ಅಂತರಗಳು ಮಾತನಾಡುತ್ತವೆ, ಮಂಜು ಬೆಳ್ಳಗೆ ಹೊಳೆಯುತ್ತದೆ. ಪಕ್ಕದಲ್ಲಿ ಸರಿಯಾದ ದಟ್ಟ ಬಣ್ಣವಿದ್ದರೆ ಮೂರನೆಯ ಮೆಟ್ಟಿಲಿನ ಬೂದೇ ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ. ಬಿಳಿ ಕಡ್ಡಿಯಿಂದ ಬರೆದ ಮಂಜು ಸುಣ್ಣ ಬಳಿದಂತೆ ಕಾಣುವುದು ಈ ಅಂತರ ತಪ್ಪಿದ್ದರಿಂದ.

ಬೆಂಗಳೂರಿನ ವೆಂಕಟಪ್ಪ ಕಲಾ ಗ್ಯಾಲರಿಗೆ ಹೋಗುವ ಅವಕಾಶ ಸಿಕ್ಕಿದರೆ ಕೆ. ವೆಂಕಟಪ್ಪನವರ (1886–1965) ಊಟಿಯ ಜಲವರ್ಣ ಚಿತ್ರಗಳ ಮುಂದೆ ನಿಧಾನವಾಗಿ ನಿಲ್ಲಿ. ಮಾಧ್ಯಮ ಬೇರೆಯಾದರೂ ಗುಡ್ಡ, ಮೋಡ, ಮಂಜುಗಳ ನಡುವಿನ ಅತಿ ಸಣ್ಣ ಟೋನ್ ಅಂತರವನ್ನು ಕನ್ನಡ ನಾಡಿನ ಕಲಾವಿದರೊಬ್ಬರು ಎಷ್ಟು ತಾಳ್ಮೆಯಿಂದ ಕಂಡಿದ್ದಾರೆ ಎಂಬುದು ಅಲ್ಲಿ ತಿಳಿಯುತ್ತದೆ.

ಬರೆಯುವ ಕ್ರಮ

ಕಾಗದವನ್ನು ರಟ್ಟಿಗೆ ಮಾಸ್ಕಿಂಗ್ ಟೇಪಿನಿಂದ ಅಂಟಿಸಿ, ಅಡಿಯಲ್ಲಿ ಎರಡು ಮೂರು ಹಾಳೆ ಪತ್ರಿಕೆ ಇಡಿ. ರಟ್ಟನ್ನು ನೆಟ್ಟಗೆ ನಿಲ್ಲಿಸಿಯೇ ಬರೆಯಬೇಕು. ಮಲಗಿಸಿದರೆ ಉದುರಿದ ಪುಡಿ ಚಿತ್ರದ ಮೇಲೆಯೇ ಕೂತು ಬಣ್ಣವನ್ನು ಮಣ್ಣಾಗಿಸುತ್ತದೆ. ಹೊರಗೆರೆಗಳನ್ನು ಪೆನ್ಸಿಲಿನಿಂದ ಹಾಕಬೇಡಿ, ಸೀಸದ ಗೆರೆ ಜಿಡ್ಡಾಗಿದ್ದು ಅದರ ಮೇಲೆ ಪೇಸ್ಟಲ್ ಹಿಡಿಯುವುದಿಲ್ಲ. ತೆಳು ಇದ್ದಿಲಿನಿಂದ ಬೆಟ್ಟದ ಅಂಚು, ಮಂಜಿನ ಮೇಲ್ಮೈ, ಮುನ್ನೆಲೆಯ ಗಡಿ ಇವಿಷ್ಟನ್ನೇ ಗುರುತು ಮಾಡಿ ಒಣಬಟ್ಟೆಯಿಂದ ತಟ್ಟಿ ಮಸುಕು ಮಾಡಿ.

ಪ್ರತಿ ಕಡ್ಡಿಯನ್ನೂ ಸುಮಾರು ಒಂದಂಗುಲದ ತುಂಡುಗಳಾಗಿ ಮುರಿದುಕೊಳ್ಳಿ. ಹೊಸ ಕಡ್ಡಿ ಮುರಿಯಲು ಮನಸ್ಸು ಬರುವುದಿಲ್ಲ, ಆದರೆ ನಿಸರ್ಗಚಿತ್ರದ ಹೆಚ್ಚಿನ ಕೆಲಸ ನಡೆಯುವುದು ಕಡ್ಡಿಯ ತುದಿಯಿಂದಲ್ಲ, ಮಗ್ಗುಲಿನಿಂದ. ತುಂಡನ್ನು ಮಲಗಿಸಿ, ಹೆಬ್ಬೆರಳು ಮತ್ತು ಎರಡು ಬೆರಳುಗಳ ನಡುವೆ ಹಿಡಿದು, ರಂಗೋಲಿ ಪುಡಿ ಉದುರಿಸುವಷ್ಟು ಹಗುರವಾದ ಕೈಯಿಂದ ಎಳೆಯಿರಿ. ಕಾಗದದ ಉಬ್ಬುಗಳಿಗೆ ಮಾತ್ರ ಬಣ್ಣ ಹತ್ತಿ ತಗ್ಗುಗಳು ಖಾಲಿ ಉಳಿಯಬೇಕು. ಆ ಖಾಲಿ ಜಾಗವೇ ಮುಂದಿನ ಪದರಗಳಿಗೆ ಉಳಿಸಿಟ್ಟ ಬಂಡವಾಳ. ಮೊದಲ ಪದರದಲ್ಲೇ ಒತ್ತಿ ತುಂಬಿಬಿಟ್ಟರೆ ಮೂರನೆಯ ಪದರಕ್ಕೆ ಕಾಗದ ಬಣ್ಣವನ್ನು ತೆಗೆದುಕೊಳ್ಳುವುದನ್ನೇ ನಿಲ್ಲಿಸುತ್ತದೆ.

ಮರಳು ಹಚ್ಚಿದ ಕಾಗದವಾದರೆ ಇನ್ನೊಂದು ಅನುಕೂಲವಿದೆ. ದಟ್ಟ ಭಾಗಗಳಿಗೆ ನೇರಳೆ ಅಥವಾ ಕಂದನ್ನೂ ತಿಳಿ ಭಾಗಗಳಿಗೆ ಪೀಚ್ ಬಣ್ಣವನ್ನೂ ತೆಳುವಾಗಿ ಹಚ್ಚಿ, ಔಷಧಿ ಅಂಗಡಿಯಲ್ಲಿ ಸಿಗುವ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅದ್ದಿದ ಹಳೆಯ ಕುಂಚದಿಂದ ಸವರಿದರೆ ಪುಡಿ ಕರಗಿ ಕಾಗದಕ್ಕೆ ಅಂಟಿಕೊಳ್ಳುತ್ತದೆ, ಹಲ್ಲು ಹಾಗೆಯೇ ಉಳಿಯುತ್ತದೆ. ಕಿಟಕಿ ತೆರೆದಿಟ್ಟು, ಒಲೆ ದೀಪಗಳಿಂದ ದೂರವಿದ್ದು ಇದನ್ನು ಮಾಡಬೇಕು.

ಆಕಾಶದಿಂದ ಆರಂಭಿಸಿ. ಮಾಗಿಯ ಬೆಳಗಿನ ಆಕಾಶ ನೆತ್ತಿಯ ಮೇಲೆ ತಿಳಿನೀಲಿಯಾಗಿ, ಬೆಟ್ಟದ ಅಂಚಿಗೆ ಇಳಿದಂತೆ ಕೆನೆ, ಪೀಚ್, ಕೆಲವೊಮ್ಮೆ ತುಸು ಗುಲಾಬಿಗೆ ತಿರುಗುತ್ತದೆ. ನೀಲಿ ಮತ್ತು ಪೀಚ್ ಕೂಡುವ ಕಡೆ ಎರಡನ್ನೂ ತಿಕ್ಕಿ ಬೆರೆಸಬೇಡಿ. ನೀಲಿಯ ಎಳೆಗಳ ಮೇಲೆ ಪೀಚ್‌ನ ಎಳೆಗಳನ್ನು ಅಡ್ಡಡ್ಡಲಾಗಿ ಹಾಯಿಸಿ, ದೂರದಿಂದ ನೋಡಿದರೆ ಅವು ಕಣ್ಣಲ್ಲೇ ಬೆರೆಯುತ್ತವೆ. ಆಕಾಶದ ಬಣ್ಣವನ್ನು ಬೆಟ್ಟದ ಅಂಚಿಗಿಂತ ಸ್ವಲ್ಪ ಕೆಳಗಿನವರೆಗೂ ತನ್ನಿ. ಅದರ ಮೇಲೆ ಬೆಟ್ಟ ಹಚ್ಚಿದಾಗ ಅಂಚು ತಾನಾಗಿ ಮೆದುವಾಗುತ್ತದೆ, ಬೆಟ್ಟಕ್ಕೂ ಆಕಾಶಕ್ಕೂ ನಡುವೆ ಕಾಗದದ ಗೆರೆ ಇಣುಕುವುದಿಲ್ಲ.

ಅತಿ ದೂರದ ಬೆಟ್ಟಕ್ಕೆ ತಿಳಿ ನೀಲಿಬೂದಿನ ಒಂದೇ ಹಾಸು ಸಾಕು, ಒಳಗೆ ಯಾವ ವಿವರವೂ ಬೇಡ. ಎರಡನೆಯ ಸಾಲಿಗೆ ನೇರಳೆಬೂದು. ಮೂರನೆಯ ಸಾಲು ಹತ್ತಿರದ್ದಾಗಿದ್ದರೆ ಅಲ್ಲಿ ಒಣಹುಲ್ಲಿನ ಹೊಂಬಣ್ಣ ಸಣ್ಣದಾಗಿ ಕಾಣಿಸಿಕೊಳ್ಳಲಿ. ಆದರೆ ಅದರ ಅಡಿಯಲ್ಲಿ ಮೊದಲು ನೇರಳೆ ಹಾಕಿ, ಮೇಲೆ ಕಾವಿ ಹಳದಿಯನ್ನು ಹಗುರವಾಗಿ ಎಳೆಯಿರಿ. ಹಳದಿಯ ರಂಧ್ರಗಳಿಂದ ನೇರಳೆ ಇಣುಕಿದಾಗ ಹುಲ್ಲಿಗೆ ದೂರ ಬರುತ್ತದೆ. ಬಾಬಾಬುಡನ್ ಗಿರಿಯ ಸಾಲಿನಲ್ಲಿ ಹುಲ್ಲುಗಾವಲಿನ ಮಡಿಕೆಗಳೊಳಗೆ ಶೋಲಾ ಕಾಡು ದಟ್ಟವಾಗಿ ಕೂತಿರುತ್ತದೆ. ಅದನ್ನು ಹಸಿರಿನಿಂದ ಬರೆಯದೆ ನೀಲಿ ಬೆರೆತ ದಟ್ಟ ನೇರಳೆಯಿಂದ ಗುರುತಿಸಿ, ಬಿಸಿಲಿಗೆ ಮುಖ ಮಾಡಿದ ಕಡೆಗೆ ಮಾತ್ರ ಆಲಿವ್‌ನ ಒಂದೆರಡು ಸ್ಪರ್ಶ ಕೊಟ್ಟರೆ ಸಾಕು.

ಈಗ ಮಂಜು. ಚಿತ್ರದಲ್ಲಿ ಬೆರಳು ಬಳಸಲು ನಾನು ಒಪ್ಪುವ ಜಾಗ ಇದೊಂದೇ. ಬೆರಳಿನಿಂದ ತಿಕ್ಕಿದಾಗ ಪೇಸ್ಟಲ್‌ನ ಕಣಗಳು ಚಪ್ಪಟೆಯಾಗಿ ಹೊಳಪು ಹೋಗುತ್ತದೆ, ಬಣ್ಣ ತುಸು ಮಂಕಾಗುತ್ತದೆ. ಉಳಿದೆಡೆ ಅದು ದೋಷ, ಮಂಜಿನಲ್ಲಿ ಅದೇ ಬೇಕಾದ ಗುಣ. ಬೆಟ್ಟದ ಬುಡದ ಬಣ್ಣ ಇನ್ನೂ ಸಡಿಲವಾಗಿರುವಾಗಲೇ, ಬೆಟ್ಟದ ಟೋನ್‌ಗಿಂತ ಒಂದೂವರೆ ಮೆಟ್ಟಿಲು ತಿಳಿಯಾದ ನೀಲಿಬೂದನ್ನು ಮಗ್ಗುಲಿನಿಂದ ಅಡ್ಡಕ್ಕೆ ಎಳೆಯಿರಿ. ನಂತರ ಕಿರುಬೆರಳಿನ ಪಕ್ಕದ ಅಂಗೈ ಭಾಗದಿಂದ, ಒಣಗಿದ ಕೈಯಿಂದ, ಕೆಳಗಿನಿಂದ ಮೇಲಕ್ಕೆ ಒಂದೇ ದಿಕ್ಕಿನಲ್ಲಿ ಸವರಿ. ಮಂಜಿನ ಬಣ್ಣ ಬೆಟ್ಟದೊಳಕ್ಕೆ ಏರಿ ಕರಗಬೇಕು. ಮೇಲಿನಿಂದ ಕೆಳಕ್ಕೆ ಸವರಿದರೆ ಬೆಟ್ಟದ ದಟ್ಟ ಬಣ್ಣ ಮಂಜಿನೊಳಕ್ಕೆ ಇಳಿದು ಕೊಳೆ ಮಾಡುತ್ತದೆ. ಪ್ರತಿ ಸವರಿಕೆಗೂ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳಿ. ಹೀಗೆ ಕರಗಿಸಿದ ಮೇಲೆ, ಮಂಜಿನ ಮೇಲ್ಮೈಗೆ ಬಿಸಿಲು ತಾಗುವ ಕಡೆ ಕೆನೆ ಅಥವಾ ತಿಳಿ ಪೀಚ್‌ನ ಒಂದು ಪದರವನ್ನು ತಿಕ್ಕದೆ ಹಾಗೆಯೇ ಬಿಡಿ. ಅಡಿಯಲ್ಲಿ ತಿಕ್ಕಿದ ಮಂಕು, ಮೇಲೆ ತಿಕ್ಕದ ಹೊಳಪು, ಇವೆರಡರ ನಡುವಿನ ವ್ಯತ್ಯಾಸದಿಂದಲೇ ಮಂಜು ಒಳಗಿನಿಂದ ಬೆಳಗಿದಂತೆ ಕಾಣುತ್ತದೆ. ಮಂಜಿನ ಮೇಲ್ಮೈ ಬಹುಮಟ್ಟಿಗೆ ಸಮತಲವಾಗಿರಲಿ, ಹತ್ತಿಯ ಗುಡ್ಡೆಯಂತೆ ಉಬ್ಬುತಗ್ಗು ಮಾಡಿದರೆ ಅದು ಮೋಡವಾಗುತ್ತದೆ. ಒಂದೆರಡು ಕಡೆ ಮಾತ್ರ ಕಣಿವೆಯ ಬಾಯಿಗೆ ಅದು ನಾಲಿಗೆ ಚಾಚಲಿ.

ಮಂಜಿನಲ್ಲಿ ನಿಂತ ಸಿಲ್ವರ್ ಓಕ್ ಮರಗಳು ನಮ್ಮ ತೋಟಗಳ ಗುರುತು. ನೆಟ್ಟಗಿನ ಕಾಂಡ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿಯಿಂದ ಕೆಳಭಾಗ ದಪ್ಪ, ಮೇಲೆ ಬಿಡಿಬಿಡಿಯಾದ ಬೂದುಹಸಿರು ತಲೆ. ತಲೆಯಿಂದ ಆರಂಭಿಸಿ ಕೆಳಕ್ಕೆ ಬನ್ನಿ, ಕೆಳಗೆ ಬಂದಂತೆ ಕೈಯ ಒತ್ತಡವನ್ನು ಕಡಿಮೆ ಮಾಡುತ್ತಾ ಮಂಜಿನೊಳಗೆ ಕಡ್ಡಿಯನ್ನು ಎತ್ತಿಬಿಡಿ. ಕಾಂಡದ ಕೊನೆಯನ್ನು ಅಳಿಸಬೇಕಾದ ಅಗತ್ಯವೇ ಬರಬಾರದು. ಮೂರು ಮರಗಳಿದ್ದರೆ ಮೂರಕ್ಕೂ ಬೇರೆ ಬೇರೆ ಕಡ್ಡಿ ಬಳಸಿ: ಹತ್ತಿರದ್ದಕ್ಕೆ ದಟ್ಟ ಆಲಿವ್, ನಡುವಿನದಕ್ಕೆ ಬೂದುಹಸಿರು, ದೂರದ್ದಕ್ಕೆ ಮಂಜಿಗಿಂತ ಅರ್ಧ ಮೆಟ್ಟಿಲಷ್ಟೇ ದಟ್ಟವಾದ ನೀಲಿಬೂದು. ಒಂದೇ ಕಡ್ಡಿಯಿಂದ ಮೂರನ್ನೂ ಬರೆದರೆ ಮರ ಸಣ್ಣದಾದೀತೇ ಹೊರತು ದೂರವಾಗುವುದಿಲ್ಲ.

ತೋಟದ ನಡುವಿನ ಮನೆಯ ಹಂಡೆ ಒಲೆಯ ಹೊಗೆಯನ್ನು ಚಿತ್ರಕ್ಕೆ ತರುವ ಆಸೆ ಎಲ್ಲರಿಗೂ ಇರುತ್ತದೆ. ಅದರಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ದಟ್ಟ ಮರಗಳ ಹಿನ್ನೆಲೆಯಲ್ಲಿ ಹೊಗೆ ನೀಲಿಯಾಗಿ ಕಾಣುತ್ತದೆ. ಅದೇ ಹೊಗೆ ಮರಗಳ ತಲೆಯನ್ನು ದಾಟಿ ಬೆಳಗಿದ ಆಕಾಶದ ಮುಂದೆ ಬಂದೊಡನೆ ತಿಳಿ ಕಂದಾಗುತ್ತದೆ. ಹೊಗೆಯ ಕಣಗಳು ಮಂಜಿನ ಹನಿಗಳಿಗಿಂತ ಸಣ್ಣವಾಗಿದ್ದು ನೀಲಿಯನ್ನು ಹೆಚ್ಚು ಚದುರಿಸುವುದೇ ಇದಕ್ಕೆ ಕಾರಣ. ಕೆಳಗೆ ನೀಲಿಯ, ಮೇಲೆ ಕಂದಿನ ಒಂದೊಂದು ಹಗುರ ಎಳೆ ಸಾಕು, ಹೊಗೆ ಮಂಜಿನಿಂದ ಬೇರೆಯಾಗಿ ಎದ್ದು ನಿಲ್ಲುತ್ತದೆ.

ಮುನ್ನೆಲೆಯಲ್ಲಿ ಏನಿರಬೇಕು ಎಂಬುದು ನೀವು ನಿಂತ ಜಾಗಕ್ಕೆ ಬಿಟ್ಟದ್ದು. ಕೊಯ್ಲಾದ ಗದ್ದೆಯ ಕೂಳೆ, ಹುಲ್ಲಿನ ಬಣವೆ, ಕಣದಲ್ಲಿ ಒಣಗಲು ಹರಡಿದ ಕಾಫಿ ಹಣ್ಣಿನ ಕಡುಗೆಂಪು, ಎಲೆ ಉದುರಿಸಿ ಕೆಂಪು ಹೂ ಬಿಡತೊಡಗಿದ ಹಾಲವಾಣ, ಇವುಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಿ. ಮಂಜಿನ ಚಿತ್ರದಲ್ಲಿ ಕೆಂಪಿನ ಒಂದು ಚೂರಿಗೂ ಬಹಳ ದನಿಯಿರುತ್ತದೆ. ಕಾಫಿ ಗಿಡದ ಎಲೆ ಹೊಳಪಿನದಾದ್ದರಿಂದ ಅದರ ಮೇಲ್ಮೈಯಲ್ಲಿ ಆಕಾಶದ ಬಣ್ಣ ಪ್ರತಿಫಲಿಸುತ್ತದೆ. ದಟ್ಟ ನೀಲಿ, ದಟ್ಟ ಕಂದುಗಳ ಹಾಸಿನ ಮೇಲೆ ಆಲಿವ್ ಹಾಕಿ, ಮೇಲೆ ತಿಳಿ ನೀಲಿಬೂದಿನ ಕೆಲವು ಚಿಕ್ಕ ಗೀರುಗಳನ್ನು ಕೊಟ್ಟರೆ ಎಲೆಯ ಹೊಳಪು ಬರುತ್ತದೆ. ಎಲೆ ಎಲೆಯಾಗಿ ಬರೆಯಲು ಹೋಗಬೇಡಿ. ಕೂಳೆಯ ಗದ್ದೆಗೆ ಕಡ್ಡಿಯ ಅಂಚಿನಿಂದ ಚಿಕ್ಕ ಚಿಕ್ಕ ನಿಲುಗೆರೆಗಳು, ಹತ್ತಿರದಲ್ಲಿ ಉದ್ದ, ದೂರ ಹೋದಂತೆ ಗಿಡ್ಡ, ಕೊನೆಗೆ ಬರೀ ಅಡ್ಡ ಹಾಸು. ನಡುಹಗಲಿನ ನೋಟ ಬರೆಯುವವರು ನೆರಳನ್ನು ಮರೆಯಬಾರದು. ಡಿಸೆಂಬರ್ 21ರ ಆಸುಪಾಸಿನಲ್ಲಿ ಚಿಕ್ಕಮಗಳೂರಿನ ನೆತ್ತಿಯ ಮೇಲೆ ಸೂರ್ಯ ಬರುವುದೇ ಇಲ್ಲ, ಮಧ್ಯಾಹ್ನವೂ ದಕ್ಷಿಣದಲ್ಲಿ ಸುಮಾರು 53 ಡಿಗ್ರಿ ಎತ್ತರದಲ್ಲೇ ನಿಲ್ಲುತ್ತಾನೆ. ಹತ್ತು ಅಡಿಯ ಗಿಡಕ್ಕೆ ಉತ್ತರಕ್ಕೆ ಏಳೂವರೆ ಅಡಿಯ ನೆರಳು ಬಿದ್ದೇ ಇರುತ್ತದೆ. ಮಾಗಿಯ ಹಗಲಿಗೆ ಆ ಮೃದುತನ ಬರುವುದು ಈ ಓರೆ ಬಿಸಿಲಿನಿಂದ.

ಕೊನೆಯ ಹಂತದಲ್ಲಿ ಅತಿ ಮೆದುವಾದ ಕಡ್ಡಿಗಳನ್ನು ತೆಗೆದುಕೊಂಡು, ಬೆಳಕು ಎಲ್ಲಿ ಅತಿ ಹೆಚ್ಚು ಎಂಬುದನ್ನು ಆರಿಸಿ, ಅಲ್ಲಿ ಮಾತ್ರ ಒತ್ತಿ ಇಡಿ. ಆ ಕಡ್ಡಿಯೂ ಬಿಳಿಯಾಗಿರಬೇಕಿಲ್ಲ, ಅತಿ ತಿಳಿ ಹಳದಿಯಾದರೆ ಒಳ್ಳೆಯದು. ಇಂಥ ಒತ್ತುಗಳು ಐದಾರನ್ನು ಮೀರಿದರೆ ಕಣ್ಣು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಅಲೆಯುತ್ತದೆ.

ಪುಡಿ, ಫಿಕ್ಸೆಟಿವ್, ಚೌಕಟ್ಟು

ಕಾಗದದ ಮೇಲಿನ ಪುಡಿಯನ್ನು ಬಾಯಿಂದ ಊದುವ ಅಭ್ಯಾಸ ಬೇಡವೇ ಬೇಡ. ಕೆಲವು ಬಣ್ಣಗಳಲ್ಲಿ ಕ್ಯಾಡ್ಮಿಯಂ, ಕೋಬಾಲ್ಟ್ ಇರುತ್ತವೆ, ಉಸಿರಿನೊಳಗೆ ಹೋಗಬಾರದವು. ರಟ್ಟನ್ನು ಹೊರಗೆ ಒಯ್ದು, ಹಿಂದಿನಿಂದ ಮೆಲ್ಲಗೆ ತಟ್ಟಿ ಉದುರಿಸಿ; ಒಳಗಿದ್ದರೆ ಮಾಸ್ಕ್ ಹಾಕಿಕೊಳ್ಳಿ, ನೆಲವನ್ನು ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸಿ, ತಿನ್ನುವ ಮೊದಲು ಕೈ ತೊಳೆಯಿರಿ. ಕೊಳೆಯಾದ ಕಡ್ಡಿಗಳನ್ನು ಅಕ್ಕಿ ನುಚ್ಚು ತುಂಬಿದ ಡಬ್ಬಿಯಲ್ಲಿಟ್ಟು ಅಲುಗಾಡಿಸಿದರೆ ಅವುಗಳ ಮೂಲ ಬಣ್ಣ ಮತ್ತೆ ಕಾಣುತ್ತದೆ. ಆ ನುಚ್ಚನ್ನು ಮತ್ತೆ ಅಡುಗೆಗಾಗಲಿ ಕೋಳಿಗಾಗಲಿ ಬಳಸಬಾರದು.

ಫಿಕ್ಸೆಟಿವ್ ಎಂಬ ಅಂಟಿನ ದ್ರವವನ್ನು ಸಿಂಪಡಿಸಿದರೆ ಪುಡಿ ನಿಲ್ಲುತ್ತದೆ ನಿಜ, ಆದರೆ ತಿಳಿಬಣ್ಣಗಳು ಕಣ್ಣಿಗೆ ಕಾಣುವಷ್ಟು ಮಂಕಾಗುತ್ತವೆ. ಟೋನ್‌ಗಳ ನಡುವಿನ ಅರ್ಧ ಮೆಟ್ಟಿಲಿನ ಅಂತರದ ಮೇಲೆಯೇ ನಿಂತ ಮಂಜಿನ ಚಿತ್ರಕ್ಕೆ ಇದು ದೊಡ್ಡ ನಷ್ಟ. ಬೇಕೇಬೇಕೆಂದರೆ ಮುನ್ನೆಲೆ ಮುಗಿಯುವ ಮೊದಲು ಒಮ್ಮೆ ದೂರದಿಂದ ತೆಳುವಾಗಿ ಸಿಂಪಡಿಸಿ, ಒಣಗಿದ ಮೇಲೆ ಮಂಜಿನ ಮತ್ತು ಬೆಳಕಿನ ಕೊನೆಯ ಪದರಗಳನ್ನು ಹಾಕಿ, ಅವುಗಳ ಮೇಲೆ ಮತ್ತೆ ಸಿಂಪಡಿಸಬೇಡಿ.

ಮುಗಿದ ಚಿತ್ರವನ್ನು ಗಾಜಿನ ಚೌಕಟ್ಟಿನಲ್ಲೇ ಇಡಬೇಕು. ಅಕ್ರಿಲಿಕ್ ಹಾಳೆ ಹಗುರವಾದರೂ ಅದರ ವಿದ್ಯುದಂಶ ಪುಡಿಯನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಗಾಜು ಚಿತ್ರಕ್ಕೆ ತಾಗದಂತೆ ನಡುವೆ ದಪ್ಪ ಮೌಂಟ್ ರಟ್ಟು ಹಾಕಿಸಿ. ಮಲೆನಾಡಿನಲ್ಲಿ ಇದಕ್ಕಿಂತ ದೊಡ್ಡ ಶತ್ರು ಬೂಷ್ಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೋಡೆಗಳು ತೇವ ಹೀರಿ ತಣ್ಣಗಿರುತ್ತವೆ, ಅವುಗಳ ಮೇಲೆ ತೂಗುಹಾಕಿದ ಪೇಸ್ಟಲ್ ಚಿತ್ರದ ದಟ್ಟ ಭಾಗಗಳಲ್ಲಿ ಬಿಳಿಯ ಚುಕ್ಕೆಗಳು ಮೂಡುತ್ತವೆ. ಚಿತ್ರವನ್ನು ಮನೆಯ ಒಳಗೋಡೆಗೆ ತೂಗುಹಾಕಿ, ಚೌಕಟ್ಟಿನ ಹಿಂಬದಿಯ ಕೆಳಮೂಲೆಗಳಿಗೆ ಕಾರ್ಕಿನ ಅಥವಾ ರಬ್ಬರಿನ ಗುಂಡಿ ಅಂಟಿಸಿ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿಯಾಡಲು ಬಿಡಿ. ಚೌಕಟ್ಟು ಹಾಕಿಸದ ಚಿತ್ರಗಳನ್ನು ನಡುನಡುವೆ ಬಟರ್ ಪೇಪರ್ ಇಟ್ಟು ಮಲಗಿಸಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಳದ ಪೆಟ್ಟಿಗೆಯಲ್ಲಿಡಿ. ಮಳೆಗಾಲದಲ್ಲಿ ಬಿಸಿಲು ಬಿದ್ದ ದಿನ ಪೆಟ್ಟಿಗೆ ತೆರೆದು ನೋಡಿ, ಪೊಟ್ಟಣಗಳನ್ನು ಬಿಸಿಮಾಡಿ ಒಣಗಿಸಿ ಮತ್ತೆ ಹಾಕಿ.